ಮುದಿ ಬೆಕ್ಕಿನ ಆರೈಕೆ

(7ನೇ ತರಗತಿ ವಿದ್ಯಾರ್ಥಿನಿ ಬರೆದದ್ದು)

ಹೋದ ತಿಂಗಳು ನಮ್ಮ ಗೋಡೆ ಪತ್ರಿಕೆಯಲ್ಲಿ ದನಗಳ ಕಾಲುಬಾಯಿ ಜ್ವರದ ಬಗ್ಗೆ ಲೇಖನ ಬಂದಿತ್ತು. ಎಲ್ಲರೂ ಓದಿದಿರಿ. ಆದರೆ ಬೆಕ್ಕಿನ ಬಗ್ಗೆ ಇದುವರೆಗೆ ಯಾರೂ ಬರೆದಿಲ್ಲ. ಬೆಕ್ಕಿಗೆ ಕಾಯಿಲೆ ಬಂದರೆ ನಮ್ಮೂರಲ್ಲಿ ಯಾರೂ ಡಾಕ್ಟರ ಹತ್ತಿರ ಹೋಗುವುದೂ ಇಲ್ಲ. ಅದು ಒಂದು ದಿನ ಕಾಣೆಯಾಗುತ್ತೆ, ಎಲ್ಲೋ ಹೋಯ್ತು ಅಂತೀವಿ, ಅಷ್ಟೇ. ಈ ಬೇಸಿಗೆ ರಜದಲ್ಲಿ ಮೈಸೂರಿನ ಅಜ್ಜಿ ಮನೆಯಲ್ಲಿ ನಾನು ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದರಲ್ಲಿದೆ. ಬಿಟ್ಟುಬಿಡೋಣ ಅಂದುಕೊಂಡಿದ್ದೆ, ಮೇಷ್ಟ್ರು ಅದನ್ನೇ ಮುಖ್ಯವಾಗಿ ಬರಿ ಅಂದರು.

ಅಜ್ಜಿ ಮನೆ ಇರುವುದು ಇಟ್ಟಿಗೆಗೂಡಿನಲ್ಲಿ, ಮೃಗಾಲಯದ ಹತ್ತಿರ. 1892ರಲ್ಲಿ ಮಹಾರಾಜರು ಶುರುಮಾಡಿದ ಮೃಗಾಲಯ ಅದು. ಬೆಳಗಿನ ಜಾವ ಸಿಂಹ ಕೂಗಿದರೆ ಮಲಗಿದಲ್ಲಿಗೇ ಕೇಳಿಸುತ್ತೆ. ಮೊದಲನೇ ದಿನ ಭಯ ಆಗುತ್ತೆ, ಆಮೇಲೆ ಅಭ್ಯಾಸ ಆಗಿಹೋಗುತ್ತೆ.

ಅಜ್ಜಿಯ ಬೆಕ್ಕಿನ ಹೆಸರು ಸುಬ್ಬಿ. ಮಾವನ ಮದುವೆ ಆದ ವರ್ಷ ಹಿತ್ತಿಲ ಸೌದೆ ರಾಶಿಯಲ್ಲಿ ಹುಟ್ಟಿದ್ದು. ಅದಕ್ಕೇ ಅದರ ವಯಸ್ಸು ಸರಿಯಾಗಿ ಗೊತ್ತು, ಹದಿನೈದು. ನನಗಿಂತ ಎರಡು ವರ್ಷ ದೊಡ್ಡದು. "ಅವಳನ್ನ ಅಕ್ಕ ಅನ್ನು" ಅಂತ ಅಜ್ಜಿ ತಮಾಷೆ ಮಾಡುತ್ತಾರೆ. ಬೆಕ್ಕಿನ ವಯಸ್ಸನ್ನು ಮನುಷ್ಯರ ವಯಸ್ಸಿಗೆ ಹೋಲಿಸೋಕೆ ಒಂದು ಅಂದಾಜು ಲೆಕ್ಕ ಇದೆ. ಒಂದು ವರ್ಷದ ಬೆಕ್ಕು ಅಂದರೆ 15 ವರ್ಷದ ಮನುಷ್ಯ ಇದ್ದಂತೆ, ಎರಡು ವರ್ಷಕ್ಕೆ 24, ಆಮೇಲೆ ವರ್ಷಕ್ಕೆ ನಾಲ್ಕು ನಾಲ್ಕು ಸೇರಿಸಬೇಕು. ಸುಬ್ಬಿಗೆ 24 + (13 × 4) = 76 ಆಯಿತು. ಅಜ್ಜಿಗೆ 74. "ಹಾಗಾದ್ರೆ ನನಗೂ ಅಕ್ಕನೇ" ಅಂದರು ಅಜ್ಜಿ.

ಈ ಸಲ ಹೋದಾಗ ಸುಬ್ಬಿ ತುಂಬಾ ಸೊರಗಿತ್ತು. ಬೆನ್ನು ಸವರಿದರೆ ಮಣಿಸರದ ಹಾಗೆ ಮೂಳೆ ಸಿಗುತ್ತಿತ್ತು. ಮೊದಲೆಲ್ಲ ಒಂದೇ ನೆಗೆತಕ್ಕೆ ಕಿಟಕಿ ಹತ್ತುತ್ತಿದ್ದದ್ದು ಈಗ ಸ್ಟೂಲಿನ ಕೆಳಗೆ ನಿಂತು ಮೇಲೆ ನೋಡಿ, ಯೋಚನೆ ಮಾಡಿ, ಮಂಚದ ಕೆಳಕ್ಕೆ ಹೋಗಿಬಿಡುತ್ತಿತ್ತು. ಆದರೆ ನೀರು ಮಾತ್ರ ಚೆನ್ನಾಗಿ ಕುಡಿಯುತ್ತಿತ್ತು. ತಟ್ಟೆ ನೀರು ಸಾಲದೆ ಬಚ್ಚಲಿನ ಬಕೆಟ್ಟಿಗೂ ಬಾಯಿ ಹಾಕುತ್ತಿತ್ತು. "ಬಿಸಿಲಿಗೆ ಒಳ್ಳೇದೇ, ಕುಡೀಲಿ" ಅಂತ ಅಜ್ಜಿಯೂ ನಾನೂ ಸಂತೋಷಪಟ್ಟೆವು. ಸಂತೋಷಪಡುವ ವಿಷಯವೇ ಅಲ್ಲ ಅದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಅದು ಹಾಸಿಗೆ ಮೇಲೆ ಉಚ್ಚೆ ಮಾಡಿತು. ಎರಡು ದಿನ ಬಿಟ್ಟು ಇನ್ನೊಂದು ಸಲ. ಮಾವ ಗೋಣಿಚೀಲ ತಂದು ಬಾಗಿಲ ಹತ್ತಿರ ಇಟ್ಟರು. "ಲಲಿತಾದ್ರಿಪುರದ ಕಡೆ ಬಿಟ್ಟು ಬರ್ತೀನಿ, ಹೇಗೋ ಬದುಕ್ಕೊಳುತ್ತೆ" ಅಂದರು. ಮಾವನನ್ನು ಬೈಯೋಕೆ ನನಗೆ ಮನಸ್ಸು ಬರಲ್ಲ. ಎರಡು ಸಲವೂ ಹಾಸಿಗೆ ಒಗೆದದ್ದು ಅತ್ತೆ, ಒಣಹಾಕಿದ್ದು ಮಾವ. ಅಜ್ಜಿ ಏನೂ ಮಾತಾಡದೆ ಸುಬ್ಬಿಯನ್ನು ತೊಡೆ ಮೇಲೆ ಹಾಕ್ಕೊಂಡು ಕೂತರು. ಕೊನೆಗೆ "ಭಾನುವಾರದವರೆಗೂ ಇರ್ಲಿ ಬಿಡಪ್ಪ" ಅಂದರು. ಅವತ್ತು ಗುರುವಾರ.

ಶುಕ್ರವಾರ ಸುಬ್ಬಿ ಊಟ ಬಿಟ್ಟಿತು. ಕಿವಿ ಮುಟ್ಟಿದರೆ ಬಿಸಿ ಇತ್ತು, ಜ್ವರ ಅಂದುಕೊಂಡೆ. ಭಾನುವಾರದೊಳಗೆ ವಾಸಿಯಾದರೆ ಮಾವ ಬಿಡುತ್ತಾರೆ ಅನ್ನುವ ಆಸೆ. ಅಜ್ಜಿಯ ಡಬ್ಬಿಯಿಂದ ಜ್ವರದ ಮಾತ್ರೆ ತೆಗೆದು ಕಾಲು ಭಾಗ ಮುರಿದು, ಪುಡಿ ಮಾಡಿ ಮೊಸರನ್ನದಲ್ಲಿ ಕಲಸಿ ಇಟ್ಟೆ. ಯಾರಿಗೂ ಹೇಳಲಿಲ್ಲ. ಸುಬ್ಬಿ ಮೂಸಿ ನೋಡಿ ಮುಖ ತಿರುಗಿಸಿತು. ಕೈಯಲ್ಲಿ ತಿನ್ನಿಸೋಕೆ ಹೋದೆ, ಹಲ್ಲು ಕಚ್ಚಿಕೊಂಡುಬಿಟ್ಟಿತು. ನನಗೆ ಅಳು ಬಂತು.

ಶನಿವಾರ ಬೆಳಿಗ್ಗೆ ಎದುರು ಮನೆ ಆಂಟಿ ನೋಡಿ, ಪಶು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಅಲ್ಲಿ ಬೆಕ್ಕನ್ನೂ ನೋಡ್ತಾರೆ ಅಂದರು. ಅಜ್ಜಿ, ನಾನು ಆಟೋದಲ್ಲಿ ಹೋದೆವು. ಬೆಕ್ಕನ್ನು ಚೀಲದಲ್ಲಿ ಹಾಕುವಾಗ ನನ್ನ ಕೈ ಪರಚಿ ರಕ್ತ ಬಂತು. ಚೀಲ ಬೇಡ, ತೂತಿರುವ ಮುಚ್ಚಳದ ಬುಟ್ಟಿ ಒಳ್ಳೆಯದು, ಒಳಗೆ ಅದು ಮಲಗುವ ಬಟ್ಟೆಯನ್ನೇ ಹಾಸಬೇಕು ಅಂತ ಆಮೇಲೆ ಗೊತ್ತಾಯಿತು. ಪರಚಿದ ಜಾಗ ನೋಡಿ ಡಾಕ್ಟರು ಮೊದಲು ನನ್ನನ್ನೇ ನಲ್ಲಿ ಹತ್ತಿರ ಕಳಿಸಿದರು. ಸೋಪು ಹಾಕಿ ಹದಿನೈದು ನಿಮಿಷ ನೀರಲ್ಲಿ ತೊಳೆಯಬೇಕಂತೆ. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರಬಹುದು. ಸುಬ್ಬಿಗೆ ಲಸಿಕೆ ಹಾಕಿಸಿರಲಿಲ್ಲ, ಆದ್ದರಿಂದ ನಾನು ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು.

ಡಾಕ್ಟರು "ಏನಾದ್ರೂ ಔಷಧಿ ಕೊಟ್ಟಿದ್ದೀರಾ?" ಅಂತ ಕೇಳಿದರು. ಅಜ್ಜಿ ಇಲ್ಲ ಅಂದರು. ನಾನು ಸುಮ್ಮನಿದ್ದೆ. ಇನ್ನೊಂದು ಸಲ ಕೇಳಿದಾಗ ಮಾತ್ರೆ ವಿಷಯ ಹೇಳಿದೆ. ಡಾಕ್ಟರು ಕೈಲಿದ್ದದ್ದನ್ನು ಕೆಳಗಿಟ್ಟು "ತಿಂತಾ?" ಅಂದರು. ಇಲ್ಲ ಅಂದೆ. "ಸರಿಯಾಗಿ ಹೇಳು ಮರಿ, ಸ್ವಲ್ಪನಾದ್ರೂ ನೆಕ್ಕಿತಾ?" ಇಲ್ಲ, ತಟ್ಟೆ ಹಾಗೇ ಇದೆ ಅಂದೆ. ಆಗ ಅವರು ಉಸಿರು ಬಿಟ್ಟರು.

ಜ್ವರದ ಮಾತ್ರೆಯಲ್ಲಿ ಇರುವುದು ಪ್ಯಾರಾಸಿಟಮಾಲ್. ನಮ್ಮ ದೇಹದಲ್ಲಿ ಪಿತ್ತಜನಕಾಂಗ ಅದನ್ನು ಅಪಾಯವಿಲ್ಲದ ವಸ್ತುವಾಗಿ ಮಾರ್ಪಡಿಸಿ ಹೊರಗೆ ಕಳಿಸುತ್ತದೆ. ಆ ಕೆಲಸ ಮಾಡುವ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಅದಕ್ಕೇ ಮಾತ್ರೆ ಅದರೊಳಗೆ ವಿಷವಾಗುತ್ತದೆ. ರಕ್ತ ಆಮ್ಲಜನಕ ಒಯ್ಯಲಾರದೆ ಕಂದು ಬಣ್ಣಕ್ಕೆ ತಿರುಗುತ್ತದೆ, ವಸಡು ನೀಲಿಯಾಗುತ್ತದೆ, ಮುಖ ಊದುತ್ತದೆ, ಜೀವವೇ ಹೋಗಬಹುದು. ಸುಬ್ಬಿಯಷ್ಟು ಸಣ್ಣ ಬೆಕ್ಕಿಗೆ ಕಾಲು ಮಾತ್ರೆಯೂ ಅಪಾಯವೇ. ಅವತ್ತು ಅದು ಊಟ ಬಿಟ್ಟಿದ್ದರಿಂದಲೇ ಬದುಕಿತು. ಇನ್ನೊಂದು ವಿಷಯ, ಅದಕ್ಕೆ ಜ್ವರವೇ ಇರಲಿಲ್ಲ. ಬೆಕ್ಕಿನ ಮೈಯ ಶಾಖ ಸಾಧಾರಣವಾಗಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮದು 98.6. ಹಾಗಾಗಿ ನಮ್ಮ ಕೈಗೆ ಬೆಕ್ಕು ಯಾವಾಗಲೂ ಬಿಸಿಯೇ. ಸುಬ್ಬಿಗೆ ಥರ್ಮಾಮೀಟರಿನಲ್ಲಿ ಬಂದದ್ದು 100.8.

ರಕ್ತ ಪರೀಕ್ಷೆ ಮಾಡಿದ ಮೇಲೆ ಮೂತ್ರಪಿಂಡದ ಕಾಯಿಲೆ ಅಂತ ತಿಳಿಯಿತು. ಮುದಿ ಬೆಕ್ಕುಗಳಲ್ಲಿ ಬಹಳ ಕಾಣುವ ಕಾಯಿಲೆ ಇದೇ. ವಿಜ್ಞಾನ ಪುಸ್ತಕದಲ್ಲಿ ಮೂತ್ರಪಿಂಡದ ಚಿತ್ರ ಎಲ್ಲರೂ ಬರೆದಿದ್ದೇವೆ. ಅದರೊಳಗೆ ಸೋಸುವ ಪುಟ್ಟ ಪುಟ್ಟ ನಳಿಕೆಗಳಿವೆ, ಅವೇ ನೆಫ್ರಾನ್‌ಗಳು. ಮನುಷ್ಯರ ಒಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ, ಬೆಕ್ಕಿನಲ್ಲಿ ಸುಮಾರು 2 ಲಕ್ಷ. ವಯಸ್ಸಾದ ಹಾಗೆ ಒಂದೊಂದೇ ಕೆಡುತ್ತವೆ, ಕೆಟ್ಟದ್ದು ಮತ್ತೆ ಹುಟ್ಟುವುದಿಲ್ಲ. ಉಳಿದವು ಹೆಚ್ಚು ಕೆಲಸ ಮಾಡಿ ಸರಿದೂಗಿಸುತ್ತವೆ. ಅದಕ್ಕೇ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಕೆಡುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಏರುವುದಿಲ್ಲ. ನೋಡುವವರಿಗೆ ಬೆಕ್ಕು ಚೆನ್ನಾಗಿಯೇ ಕಾಣುತ್ತದೆ.

ಈಗ ನೀರಿನ ವಿಷಯ. ನಮ್ಮ ಮನೆ ಬೆಕ್ಕುಗಳ ಪೂರ್ವಜರು ಒಣ ನಾಡಿನ ಕಾಡುಬೆಕ್ಕುಗಳು. ತಿಂದ ಬೇಟೆಯ ಮಾಂಸದಲ್ಲಿರುವ ನೀರೇ ಅವಕ್ಕೆ ಬಹುಪಾಲು ಸಾಕಾಗುತ್ತಿತ್ತು. ಒಳ್ಳೆಯ ಮೂತ್ರಪಿಂಡ ನೀರನ್ನು ವಾಪಸ್ ಎಳೆದುಕೊಂಡು, ಕಸವನ್ನು ಮಾತ್ರ ಸ್ವಲ್ಪ ನೀರಿನಲ್ಲಿ ಹೊರಹಾಕುತ್ತದೆ. ಕೆಟ್ಟ ಮೂತ್ರಪಿಂಡಕ್ಕೆ ನೀರನ್ನು ಎಳೆದುಕೊಳ್ಳಲು ಆಗದು. ನೀರೆಲ್ಲ ಹೊರಟುಹೋಗುತ್ತದೆ, ಬೆಕ್ಕು ಕುಡಿಯುತ್ತದೆ, ಮತ್ತೆ ಹೋಗುತ್ತದೆ. ಯಾವ ಬೆಕ್ಕು ಇದ್ದಕ್ಕಿದ್ದಂತೆ ಜಾಸ್ತಿ ನೀರು ಕುಡಿಯುತ್ತದೋ ಅದನ್ನು ಡಾಕ್ಟರಿಗೆ ತೋರಿಸಿ. ಹಾಸಿಗೆ ಒದ್ದೆಯಾದದ್ದಕ್ಕೂ ಇದೇ ಕಾರಣ. ರಾತ್ರಿ ಹಿತ್ತಿಲ ಬಾಗಿಲು ಹಾಕಿರುತ್ತಿದ್ದೆವು, ಅದು ಎಲ್ಲಿಗೆ ಹೋಗಬೇಕು? ಇದನ್ನು ಮಾವನಿಗೆ ಹೇಳಿದೆ. ಮಾವ ಏನೂ ಅನ್ನಲಿಲ್ಲ. ಸಂಜೆ, ಮನೆ ಕಟ್ಟುತ್ತಿದ್ದ ಜಾಗದಲ್ಲಿ ಕೇಳಿಕೊಂಡು ಆ ಗೋಣಿಚೀಲದಲ್ಲೇ ಮರಳು ತಂದರು. ಹಳೇ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿ ತಗ್ಗಾಗಿ ಕೊಯ್ದು, ಮರಳು ಹಾಕಿ ಮಂಚದ ಪಕ್ಕ ಇಟ್ಟೆವು. ಬದಿ ಎತ್ತರ ಇದ್ದರೆ ಕೀಲು ನೋಯುವ ಬೆಕ್ಕು ಹತ್ತುವುದಿಲ್ಲ. ಆಮೇಲೆ ಹಾಸಿಗೆ ಒದ್ದೆಯಾಗಲಿಲ್ಲ.

ಊಟದ ಕಥೆ ಬೇರೆ. ಅಜ್ಜಿ ಮನೆಯಲ್ಲಿ ಮೊಟ್ಟೆ ಕೂಡ ತರುವುದಿಲ್ಲ. ಸುಬ್ಬಿ ಹಾಲನ್ನ ತಿಂದೇ ಬೆಳೆದದ್ದು ಅಂತ ಅಜ್ಜಿ ಹೇಳಿದರು. ಡಾಕ್ಟರು ನಕ್ಕು "ಅಮ್ಮಾ, ನೀವು ಹಾಲನ್ನ ಹಾಕಿದ್ರಿ, ಇಲಿ ಅವಳೇ ಹಿಡ್ಕೊಂಡ್ಳು" ಅಂದರು. ಬೆಕ್ಕಿಗೆ ಟಾರಿನ್ ಎಂಬ ವಸ್ತು ಬೇಕೇ ಬೇಕು. ಅದು ಮಾಂಸ, ಮೀನಿನಲ್ಲಿ ಸಿಗುತ್ತದೆ, ಅನ್ನದಲ್ಲಿ ಇಲ್ಲ. ಅದು ಸಾಲದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಸುಬ್ಬಿಯ ಬಾಯಿ ತೆರೆದು ತೋರಿಸಿದರು. ಕೋರೆಹಲ್ಲು ನಾಲ್ಕರಲ್ಲಿ ಉಳಿದದ್ದು ಒಂದೇ. ಎರಡು ವರ್ಷದಿಂದ ಮನೆಯಲ್ಲಿ ಇಲಿ ಕಾಟ ಜಾಸ್ತಿ ಅಂತ ಅತ್ತೆ ಹೇಳುತ್ತಿದ್ದರು. ಅಂದರೆ ಎರಡು ವರ್ಷದಿಂದ ಸುಬ್ಬಿ ಅರೆಹೊಟ್ಟೆ. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

"ನಿಮ್ಮ ಮನೆ ಪಕ್ಕದ ದೊಡ್ಡ ಬೆಕ್ಕುಗಳಿಗೂ ಇದೇ ಕಷ್ಟ" ಅಂತ ಡಾಕ್ಟರು ಹುಲಿಗಳ ವಿಷಯ ಹೇಳಿದರು. ಕಾಡಿನಲ್ಲಿ ಹುಲಿಗೆ ವಯಸ್ಸಾಗಿ ಕೋರೆ ಮುರಿದರೆ, ಗಾಯವಾದರೆ, ಜಿಂಕೆ ಹಿಡಿಯಲು ಆಗುವುದಿಲ್ಲ. ಆಗ ಊರ ದನಕ್ಕೆ ಬರುತ್ತದೆ, ಕೆಲವು ಸಲ ಮನುಷ್ಯರ ಮೇಲೂ ಬೀಳುತ್ತದೆ. ಅಂಥ ಹುಲಿ, ಚಿರತೆಗಳನ್ನು ಇಟ್ಟು ನೋಡಿಕೊಳ್ಳಲು ಮೈಸೂರು ಮೃಗಾಲಯದವರದೇ ಒಂದು ಕೇಂದ್ರ ಕೂರ್ಗಳ್ಳಿಯಲ್ಲಿದೆ. 2021ರಲ್ಲಿ ತಮಿಳುನಾಡಿನ ಮಸಿನಗುಡಿ ಕಡೆ ಟಿ-23 ಎಂಬ ಗಂಡು ಹುಲಿಯನ್ನು ಮೂರು ವಾರ ಹುಡುಕಿ ಅಕ್ಟೋಬರ್ 15ರಂದು ಹಿಡಿದರು. ಸುಮಾರು 13 ವರ್ಷ, ಮೈಯೆಲ್ಲ ಗಾಯ. ಕೊಲ್ಲದೆ ಅದನ್ನು ಕೂರ್ಗಳ್ಳಿಗೇ ತಂದು ಚಿಕಿತ್ಸೆ ಕೊಟ್ಟರು. ಮನುಷ್ಯರನ್ನು ಕೊಂದ ಹುಲಿಗೇ ಅಷ್ಟು ಮಾಡಿದ್ದಾರೆ, ಸುಬ್ಬಿ ಹಾಸಿಗೆ ಒದ್ದೆ ಮಾಡಿದ್ದಷ್ಟೇ ಅಂತ ನಾನು ಮಾವನಿಗೆ ಹೇಳಿದೆ. ಮಾವ ನಕ್ಕುಬಿಟ್ಟರು.

ಕೋಳಿ ಬೇಯಿಸಿಕೊಡಲು ಎದುರು ಮನೆ ಆಂಟಿ ಒಪ್ಪಿಕೊಂಡರು. ಉಪ್ಪು ಹಾಕಬಾರದು, ಮೂಳೆ ತೆಗೆಯಬೇಕು. ಈರುಳ್ಳಿ, ಬೆಳ್ಳುಳ್ಳಿ ಸೋಕಲೂಬಾರದು, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲೇ ಕಿವುಚಿ, ಹಿತ್ತಿಲಲ್ಲಿ ತೆಂಗಿನ ಕರಟದಲ್ಲಿ ಇಡುತ್ತಿದ್ದೆ. ಅಜ್ಜಿ ಆ ಕಡೆ ಮುಖ ಮಾಡಿ ಕೂತು "ತಿಂದ್ಳಾ?" ಅಂತ ಮಾತ್ರ ಕೇಳುತ್ತಿದ್ದರು. ಆರಿದ ಊಟ ಮುದಿ ಬೆಕ್ಕಿಗೆ ವಾಸನೆ ಹತ್ತುವುದಿಲ್ಲ, ಉಗುರು ಬೆಚ್ಚಗಿರಬೇಕು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ಹಾಲು ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಜೀರ್ಣವಾಗದೆ ಭೇದಿ ಆಗುತ್ತದೆ, ನಿಲ್ಲಿಸಿದೆವು. ಎರಡು ದಿನ ಏನೂ ತಿನ್ನದಿದ್ದರೆ ಕಾಯಬಾರದು. ಉಪವಾಸ ಬಿದ್ದ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಇನ್ನೊಂದು ಕಾಯಿಲೆ ಶುರುವಾಗುತ್ತದೆ.

ನೆಲ ಒರೆಸಲು ಫಿನಾಯಿಲ್ ಹಾಕುವುದನ್ನೂ ಬಿಟ್ಟೆವು. ಬೆಕ್ಕು ಅದರ ಮೇಲೆ ನಡೆದು ಕಾಲು ನೆಕ್ಕುತ್ತದೆ, ಹೊಟ್ಟೆಗೆ ಹೋಗುತ್ತದೆ. ನೋವಿನ ಮುಲಾಮು, ಕರ್ಪೂರ ಹಚ್ಚುವುದೂ ಇದೇ ಕಾರಣಕ್ಕೆ ಬೇಡ. ನೀರಿನ ಬಟ್ಟಲು ಮೂರು ಕಡೆ ಇಟ್ಟೆವು.

ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ಭುಜಗಳ ಮಧ್ಯೆ ಚರ್ಮದ ಕೆಳಗೆ 100 ಮಿಲಿ ಸಲೈನ್ ಕೊಡುತ್ತಿದ್ದರು. ಒಂಟೆ ಡುಬ್ಬದ ಹಾಗೆ ಊದಿಕೊಂಡು, ಮನೆಗೆ ಬಂದು ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. ಮೈಯಲ್ಲಿ ನೀರು ಕಡಿಮೆ ಇದೆಯಾ ಅಂತ ನೋಡಲು ಕತ್ತಿನ ಹಿಂದೆ ಚರ್ಮ ಎತ್ತಿ ಬಿಡಬೇಕು. ತಕ್ಷಣ ಕೂತರೆ ಸರಿ, ನಿಧಾನ ಆದರೆ ನೀರು ಸಾಲದು. ಮುದಿ ಬೆಕ್ಕಿನ ಚರ್ಮ ಹೇಗೂ ಸಡಿಲ ಇರುತ್ತೆ, ಅದಕ್ಕೆ ವಸಡನ್ನೂ ಮುಟ್ಟಿ ನೋಡು, ಅಂಟಂಟು ಇದ್ದರೆ ನೀರು ಕಡಿಮೆ ಅಂತ ಡಾಕ್ಟರು ತೋರಿಸಿಕೊಟ್ಟರು.

ಬೆಕ್ಕು ಸಾಯುವಾಗ ಮನೆ ಬಿಟ್ಟು ಹೋಗುತ್ತೆ ಅಂತ ನಮ್ಮೂರಲ್ಲಿ ಹೇಳುತ್ತಾರಲ್ಲ, ಅದನ್ನೂ ಕೇಳಿದೆ. ಸಾಯುವುದು ಗೊತ್ತಾಗಿ ಅಲ್ಲವಂತೆ. ಕಾಡಿನಲ್ಲಿ ನಿಶ್ಶಕ್ತಿಯಾದದ್ದನ್ನು ಬೇರೆ ಪ್ರಾಣಿ ಹಿಡಿಯುತ್ತದೆ, ಅದಕ್ಕೇ ನೋವಿದ್ದಾಗ ಬಚ್ಚಿಟ್ಟುಕೊಳ್ಳುವ ಗುಣ ಬಂದಿದೆ. ಬೆಕ್ಕು ನೋವು ಅಂತ ಕೂಗುವುದು ಕಡಿಮೆ, ಆದ್ದರಿಂದ ನಾವೇ ಬರೆದಿಡಬೇಕು. ನಾನು ಒಂದು ನೋಟ್‌ಬುಕ್ ಮಾಡಿದೆ. ತಿಂದದ್ದು, ಕುಡಿದದ್ದು, ಮರಳಲ್ಲಿ ಎಷ್ಟು ಗಂಟು, ವಾಂತಿ ಆಯಿತಾ ಇಲ್ಲವಾ. ಪ್ರತಿ ಭಾನುವಾರ ಮೂಲೆ ಅಂಗಡಿಯ ತಕ್ಕಡಿಯಲ್ಲಿ ಬುಟ್ಟಿ ಸಮೇತ ತೂಗಿ ಬುಟ್ಟಿ ತೂಕ ಕಳೆಯುತ್ತಿದ್ದೆ. ಅಂಗಡಿಯವರು ಮೊದಲು ನಕ್ಕರು, ಆಮೇಲೆ ಅವರೇ "ಈ ವಾರ ಎಷ್ಟು?" ಅಂತ ಕೇಳೋಕೆ ಶುರುಮಾಡಿದರು. ಮೊದಲನೇ ವಾರ 2 ಕಿಲೋ 460 ಗ್ರಾಂ. ಎರಡನೇ ವಾರ 2 ಕಿಲೋ 450. ಮೂರನೇ ವಾರ 2 ಕಿಲೋ 530. ನಾನು ಊರಿಗೆ ಹೊರಡುವ ಹಿಂದಿನ ದಿನ 2 ಕಿಲೋ 590.

ಈ ಕಾಯಿಲೆ ವಾಸಿಯಾಗುವುದಿಲ್ಲ. ಡಾಕ್ಟರು ಇದನ್ನು ಮೊದಲ ದಿನವೇ ಹೇಳಿದರು. ಕೆಲವು ತಿಂಗಳು ಇರಬಹುದು, ಒಂದು ವರ್ಷ ಇದ್ದರೂ ಇರಬಹುದು. ಚೆನ್ನಾಗಿ ತಿಂದುಕೊಂಡು ಬಿಸಿಲಲ್ಲಿ ಮಲಗುವಷ್ಟು ದಿನ ನೋಡಿಕೊಳ್ಳಿ, ಅದೂ ಆಗದೆ ಹೋದಾಗ ಬನ್ನಿ, ಮಾತಾಡೋಣ ಅಂದರು. ಏನು ಮಾತಾಡುವುದು ಅಂತ ನಾನು ಕೇಳಲಿಲ್ಲ.

ಸ್ಕೂಲು ಶುರುವಾಗಿ ಊರಿಗೆ ಬಂದ ಮೇಲೆ ನೋಟ್‌ಬುಕ್ ಅಜ್ಜಿ ಹತ್ತಿರ ಇದೆ. ಮಂಡಿ ನೋವಿದ್ದರೂ ಬುಟ್ಟಿ ಹಿಡಿದುಕೊಂಡು ಅಂಗಡಿಗೆ ಹೋಗುತ್ತಾರೆ. ಕೆಲವು ಸಲ ಮಾವ ಹೋಗುತ್ತಾರೆ. ಭಾನುವಾರ ಸಂಜೆ ಅಮ್ಮನ ಫೋನಿಗೆ ಅಜ್ಜಿ ಮಾಡಿ ತೂಕ ಹೇಳುತ್ತಾರೆ, ನಾನು ಗಣಿತ ಪುಸ್ತಕದ ಹಿಂದೆ ಬರೆದುಕೊಳ್ಳುತ್ತೇನೆ. ಮೊನ್ನೆ ಭಾನುವಾರ 2 ಕಿಲೋ 510 ಗ್ರಾಂ. ಇಳಿದಿದೆ. ಆದರೆ ಕಿಟಕಿ ಹತ್ತಿರ ಮಾವ ಎರಡು ಇಟ್ಟಿಗೆ, ಅದರ ಮೇಲೆ ಸ್ಟೂಲು ಇಟ್ಟು ಮೆಟ್ಟಿಲು ಮಾಡಿದ್ದಾರಂತೆ, ಸುಬ್ಬಿ ಹತ್ತಿ ಕೂತಿದೆಯಂತೆ.