ಅಂಟು ಹೋದ ಮ್ಯಾಟ್ ಮತ್ತು ಸಮಮಿತಿ ಪಾಠ: ಒಂದು ಬೋಧನಾಭ್ಯಾಸದ ಅನುಭವ

ಪೀಠಿಕೆ

ಯಾದಗಿರಿಯ ನಮ್ಮ ಕಾಲೇಜಿನ ಕರಕುಶಲ ಕೊಠಡಿಯಲ್ಲಿ ಕಾಗದ ಕತ್ತರಿಸುವ ಒಂದು ಸಣ್ಣ ಯಂತ್ರವಿದೆ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿಕೊಟ್ಟರೆ ಅದರ ಬ್ಲೇಡು ಅದೇ ಗೆರೆಯ ಮೇಲೆ ಹಾಳೆಯನ್ನು ಕತ್ತರಿಸುತ್ತದೆ. ಆಗ ಹಾಳೆಯನ್ನು ಅಲುಗದಂತೆ ಹಿಡಿಯುವುದು 12 ಅಂಗುಲ ಚೌಕದ, ಒಂದು ಬದಿಗೆ ಅಂಟು ಬಳಿದ ಪ್ಲಾಸ್ಟಿಕ್ ಮ್ಯಾಟ್. ಹಿಂದಿನ ತಂಡಗಳು ಬಳಸಿ ಬಳಸಿ ಅದರ ಅಂಟು ಹೋಗಿತ್ತು. ಹೊಸದು ತರಿಸಲು ಹಣವಿರಲಿಲ್ಲ. ‘ಹೇಗೋ ನಡೆಯುತ್ತದೆ’ ಎಂದುಕೊಂಡು ನಾನು ಅದರಲ್ಲೇ ಕಲಿಕೋಪಕರಣ ತಯಾರಿಸಿದೆ.

ನಾನು ಎಡವಿದ್ದು

ಶಹಾಪುರದ ಶಾಲೆಯೊಂದರಲ್ಲಿ ಆರನೇ ತರಗತಿಗೆ ಸಮಮಿತಿ ಪಾಠ. ಪ್ರತಿ ಮಗುವಿಗೂ ಒಂದು ಕಾಗದದ ಎಲೆ ಕೊಟ್ಟು, ಮಡಚಿ ಸಮಮಿತಿ ರೇಖೆ ಹುಡುಕಲು ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. “ಟೀಚರ್, ಇದು ಕೂಡವಲ್ದರಿ. ಇದಕ್ಕ ಸಮಮಿತಿ ಇಲ್ರಿ” ಎಂದ. “ಇದೆ, ಸರಿಯಾಗಿ ಮಡಚು” ಎಂದು ಕೂಡಿಸಿಬಿಟ್ಟೆ.

ಪಾಠ ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ಆಮೇಲೆ ಆ ಎಲೆಯನ್ನು ನನ್ನ ಕೈಗೆ ಕೊಟ್ಟರು. ಮಡಚಿ ನೋಡಿದೆ. ಕತ್ತರಿಸುವಾಗ ಹಾಳೆ ಮ್ಯಾಟಿನ ಮೇಲೆ ಜಾರಿ ಒಂದು ಅರ್ಧ ಓರೆಯಾಗಿತ್ತು. ಹುಡುಗ ಹೇಳಿದ್ದೇ ಸರಿ. ಸರಿಯಾಗಿ ಯೋಚಿಸಿದ ಮಗುವನ್ನು ನಾನು ತಪ್ಪೆಂದು ಕೂಡಿಸಿದ್ದೆ. ಮುಂದಿನ ವಾರ ಅದೇ ತರಗತಿಗೆ ನನ್ನ ವಿಮರ್ಶಾ ಪಾಠವಿತ್ತು.

ಮ್ಯಾಟ್ ಸರಿಪಡಿಸಿದ ಕ್ರಮ

ಶನಿವಾರ ನಮ್ಮೂರು ಸುರಪುರಕ್ಕೆ ಹೋಗುವಾಗ ಮ್ಯಾಟನ್ನೂ ಒಯ್ದೆ. ದರ್ಜಿ ಕೆಲಸ ಮಾಡುವ ನಮ್ಮ ಕಾಕಾ ಅದನ್ನು ನೋಡಿ, “ಕತ್ತರಿ ಮೊಂಡಾದ್ರ ಸಾಣಿ ಹಿಡೀತೀವಿ, ಒಗೀತೀವೇನವಾ?” ಎಂದರು.

ಮೊದಲು ತಪ್ಪನ್ನೇ ಮಾಡಿದೆ. ಮನೆಯಲ್ಲಿದ್ದ ಮರಗೆಲಸದ ಬಿಳಿ ಗೋಂದನ್ನು ಮೂಲೆಯೊಂದಕ್ಕೆ ಬಳಿದೆ. ಆ ಗೋಂದು ಒಣಗಿದರೆ ಗಟ್ಟಿಯಾಗುತ್ತದೆ, ಜಿಗುಟು ಉಳಿಯುವುದಿಲ್ಲ. ಹಸಿ ಇದ್ದಾಗ ಇಟ್ಟ ಹಾಳೆ ಕಿತ್ತುಬಂತು. ಅದನ್ನೆಲ್ಲ ನೆನೆಸಿ ತೆಗೆದು, ಈ ಕ್ರಮದಲ್ಲಿ ಮಾಡಿದೆ:

1. ಮುರಿದ ಪ್ಲಾಸ್ಟಿಕ್ ಸ್ಕೇಲಿನ ಅಂಚಿನಿಂದ ಕಾಗದದ ಚೂರುಗಳನ್ನು ಕೆರೆದು ತೆಗೆದೆ.

2. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರಾವಣ ನಾಲ್ಕು ಹನಿ ಹಾಕಿ, ಮೆತ್ತನೆಯ ಬ್ರಷ್‌ನಿಂದ ಹಗುರಾಗಿ ಉಜ್ಜಿದೆ. ಬಟ್ಟೆಯಿಂದ ಒರೆಸಬಾರದು, ನೂಲಿನ ಎಳೆ ಅಂಟುತ್ತದೆ.

3. ನೆರಳಿನಲ್ಲಿ ನಿಲ್ಲಿಸಿ ಒಣಗಿಸಿದೆ. ನಮ್ಮ ಕಡೆಯ ಬಿಸಿಲಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

4. ಒಣಗಿದ ಮೇಲೆ ಬೆರಳಿಟ್ಟು ನೋಡಿದೆ. ಅರ್ಧ ಭಾಗಕ್ಕೆ ಜಿಗುಟು ಮರಳಿತ್ತು. ಅಲ್ಲಿ ಅಂಟು ಹೋಗಿರಲಿಲ್ಲ, ಧೂಳು ಮುಚ್ಚಿತ್ತು ಅಷ್ಟೇ.

5. ಉಳಿದರ್ಧಕ್ಕೆ ಅಂಟು ನಿಜವಾಗಿಯೂ ಸವೆದಿತ್ತು. ಯಂತ್ರದ ಉರುಳೆಗಳಿಗೆ ಅಂಟು ತಾಗದಂತೆ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಗ್ಲೂ ಸ್ಟಿಕ್ಕನ್ನು ಅಡ್ಡಕ್ಕೂ ಉದ್ದಕ್ಕೂ ತೆಳ್ಳಗೆ ಎಳೆದೆ. ಅರ್ಧ ಗಂಟೆ ತೆರೆದಿಟ್ಟು, ಆಮೇಲೆ ಟೇಪ್ ತೆಗೆದೆ. ಜಿಗುಟು ಹೆಚ್ಚೆನಿಸಿದ ಕಡೆ ಒಣ ಅಂಗೈಯಿಂದ ಒತ್ತಿ ಕಡಿಮೆ ಮಾಡಿದೆ.

ಖರ್ಚು: ಗ್ಲೂ ಸ್ಟಿಕ್ 25 ರೂ., ಟೇಪ್ 30 ರೂ.

ಬ್ಲೇಡಿನ ವಿಷಯ ಬೇರೆ. ಯಂತ್ರ ಆರಿಸಿ, ಅಲ್ಯೂಮಿನಿಯಂ ಹಾಳೆಯ ಉಂಡೆಗೆ ಬ್ಲೇಡಿನ ತುದಿಯನ್ನು ಹತ್ತಾರು ಸಲ ಚುಚ್ಚಿ ತೆಗೆದರೆ ಮೆತ್ತಿದ ಕಾಗದದ ಪುಡಿ ಹೋಗುತ್ತದೆ. ಆದರೆ ಮುರಿದ ತುದಿ ಇದರಿಂದ ಹರಿತವಾಗುವುದಿಲ್ಲ. ಮ್ಯಾಟ್ ಚೆನ್ನಾಗಿದ್ದೂ ಮೂಲೆಗಳಲ್ಲಿ ಕಾಗದ ಹರಿಯುತ್ತಿದ್ದರೆ ಬ್ಲೇಡನ್ನು ಬದಲಿಸಲೇಬೇಕು. ಈ ಕೆಲಸ ಶಿಕ್ಷಕರದು, ಮಕ್ಕಳ ಕೈಗೆ ಕೊಡಬಾರದು.

ಎರಡನೇ ಪಾಠ

ವಿಮರ್ಶಾ ಪಾಠವನ್ನು ಹಳೆಯ ಎಲೆಯಿಂದಲೇ ಆರಂಭಿಸಿದೆ. “ಹೋದ ವಾರ ಇವನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು” ಎಂದು ತರಗತಿಗೆ ತಿಳಿಸಿದೆ. ಮ್ಯಾಟಿನ ಮೂಲೆಯೊಂದನ್ನು ತೊಳೆಯದೆ ಉಳಿಸಿಕೊಂಡಿದ್ದೆ. ಎರಡೂ ಕಡೆ ಬೆರಳಿಟ್ಟು ನೋಡಿದ ಮಕ್ಕಳು, “ಇಲ್ಲಿ ಧೂಳ ಕುಂತಾದರಿ, ಅದಕ್ಕ ಹತ್ತವಲ್ದು” ಎಂದು ಕಾರಣವನ್ನು ತಾವೇ ಹೇಳಿದರು. ನಂತರ ಹೊಸದಾಗಿ ಕತ್ತರಿಸಿದ ಎಲೆ ಕೊಟ್ಟೆ. ಎರಡು ಅರ್ಧಗಳೂ ಕೂಡಿದವು.

ವಿಸ್ತರಣೆಗೆ ಶಹಾಪುರದ ಮಕ್ಕಳು ದಿನಾ ನೋಡುವ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಆಕೃತಿಯನ್ನು ಕೊಟ್ಟೆ. ತಲೆ ಒಂದು ತರಹ, ಕಾಲು ಒಂದು ತರಹ. ನಡುವೆ ಮಡಚಿದರೆ ಕೂಡದು. “ಹಾಗಾದರೆ ಇದಕ್ಕೆ ಸಮಮಿತಿ ತರುವುದು ಹೇಗೆ?” ಎಂದು ಕೇಳಿದೆ. ಆ ಹುಡುಗನೇ ಹಾಳೆಯನ್ನು ಎರಡಾಗಿ ಮಡಚಿ, ಬೆಟ್ಟದ ಬುಡವನ್ನು ಮಡಿಕೆಗೆ ಹೊಂದಿಸಿ ಗೆರೆ ಎಳೆದು ಕತ್ತರಿಯಿಂದ ಕತ್ತರಿಸಿದ. ಬಿಚ್ಚಿದಾಗ ಮೇಲೆ ಬೆಟ್ಟ, ಕೆಳಗೆ ಕೆರೆ ನೀರಿನಲ್ಲಿ ಕಾಣುವಂಥ ಅದರ ಬಿಂಬ. ನಡುವಿನ ಮಡಿಕೆಯೇ ಸಮಮಿತಿ ರೇಖೆ.

ಕಲಿತದ್ದು

ಉಪಕರಣ ಹಳತಾಗಿದೆ ಎಂದಾಗ ಕೊಳ್ಳುವ ಮುನ್ನ ಅದು ಕೊಳೆಯಾಗಿದೆಯೋ ಸವೆದಿದೆಯೋ ಮುರಿದಿದೆಯೋ ನೋಡಬೇಕು. ಕೊಳೆಯಾದದ್ದನ್ನು ತೊಳೆಯಬಹುದು, ಸವೆದದ್ದನ್ನು ತುಂಬಬಹುದು, ಮುರಿದದ್ದನ್ನು ಮಾತ್ರ ಬದಲಿಸಬೇಕು. ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ: ಪಾಠದ ಹಿಂದಿನ ದಿನ ಒಂದು ಚೌಕ ಕತ್ತರಿಸಿ, ಮಡಚಿ ನೋಡಿ. ಅಂಚು ಕೂಡದಿದ್ದರೆ ಮ್ಯಾಟ್ ತೊಳೆಯಿರಿ. ತರಗತಿಯಲ್ಲಿ ಮಗುವಿನ ಉತ್ತರ ನಿಮ್ಮ ಉತ್ತರದೊಂದಿಗೆ ಕೂಡದಿದ್ದರೆ, ಅದರ ಕೈಯಲ್ಲಿರುವ ಹಾಳೆಯನ್ನು ಮೊದಲು ನೀವೇ ಮಡಚಿ ನೋಡಿ.