ಮನೆಯ ನೆಟ್‌ವರ್ಕಿಂಗ್ ಪ್ರಯೋಗಾಲಯ: ಮೊದಲು ಉದ್ದೇಶ, ಆಮೇಲೆ ಉಪಕರಣ

ಪಾಠಯೋಜನೆಯಲ್ಲಿ ನಾವು ನಿರ್ದಿಷ್ಟ ಉದ್ದೇಶಗಳನ್ನು ಬರೆದ ಮೇಲೆ ಬೋಧನೋಪಕರಣಗಳ ಅಂಕಣ ತುಂಬುತ್ತೇವೆ. ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಗೆ ಮನೆಯಲ್ಲೇ ಅಭ್ಯಾಸ ಮಾಡುವವರು ಬಹಳ ಸಲ ಇದನ್ನು ಹಿಂದುಮುಂದು ಮಾಡುತ್ತಾರೆ. ಅಗ್ಗಕ್ಕೆ ಸಿಕ್ಕ ಹಳೆಯ ರೂಟರ್ ತಂದಿಟ್ಟು, ಇದರಿಂದ ಏನು ಕಲಿಯಬೇಕೆಂದು ಆಮೇಲೆ ಹುಡುಕುತ್ತಾರೆ. ಪರೀಕ್ಷಾ ಶುಲ್ಕವೇ 300 ಡಾಲರ್, ಮೇಲೆ ತೆರಿಗೆ. ಮುಂಡರಗಿಯ ಸಾಮಾನ್ಯ ಮನೆಯೊಂದಕ್ಕೆ ಅದು ದೊಡ್ಡ ಮೊತ್ತ. ಉಪಕರಣಕ್ಕೆ ಹಾಕುವ ಹಣವನ್ನು ಎಣಿಸಿಯೇ ಹಾಕಬೇಕು.

ಆದ್ದರಿಂದ ಮೊದಲು ಪಠ್ಯಕ್ರಮ ನೋಡೋಣ. 2020ರ ಫೆಬ್ರುವರಿಯಲ್ಲಿ ಜಾರಿಗೆ ಬಂದ 200-301 ಪರೀಕ್ಷೆಯಲ್ಲಿ ಮೂಲಾಂಶಗಳಿಗೆ ಶೇ. 20, ಹೆಚ್ಚಾಗಿ ಸ್ವಿಚ್ಚಿಗೆ ಸಂಬಂಧಿಸಿದ ಭಾಗಕ್ಕೆ 20, ರೂಟಿಂಗಿಗೆ 25, ಸುರಕ್ಷತೆಗೆ 15, ಐಪಿ ಸೇವೆಗಳಿಗೂ ಸ್ವಯಂಚಾಲನೆಗೂ ತಲಾ 10. ಇವುಗಳಲ್ಲಿ ಬಹುಪಾಲನ್ನು ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶದಲ್ಲಿ ಮಾಡಿ ನೋಡಬಹುದು. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಅದು ಉಚಿತ. ಪರದೆಯ ಮೇಲೆ ಐದು ರೂಟರ್ ಇಟ್ಟರೂ ಖರ್ಚಿಲ್ಲ. ಹಾಗಾಗಿ ಮೊದಲ ಉಪಕರಣ ಮನೆಯಲ್ಲಿರುವ ಲ್ಯಾಪ್‌ಟಾಪೇ.

ಪರದೆ ಕಲಿಸದಿರುವುದು ಕೈಕೆಲಸ. ಎರಡನೆಯ ಖರೀದಿ ಕ್ರಿಂಪಿಂಗ್ ಟೂಲ್, ಕನೆಕ್ಟರ್‌ಗಳು, ಹತ್ತು ಮೀಟರ್ ಕ್ಯಾಟ್ 5ಇ ಕೇಬಲ್, ಒಂದು ಟೆಸ್ಟರ್. ಇದರಲ್ಲಿ ಒಂದು ಒಳ್ಳೆಯ ಚಟುವಟಿಕೆ ಇದೆ. ಬೇಕೆಂದೇ 4 ಮತ್ತು 5ನೇ ಪಿನ್ನಿನ ನೀಲಿ ಜೋಡಿಯನ್ನು ಬಿಟ್ಟು ಒಂದು ಕೇಬಲ್ ಮಾಡಿ. 100 ಮೆಗಾಬಿಟ್‌ನ ಪೋರ್ಟುಗಳ ನಡುವೆ ಅದು ಸರಿಯಾಗಿಯೇ ನಡೆಯುತ್ತದೆ, ಪಿಂಗ್‌ಗೂ ಉತ್ತರ ಬರುತ್ತದೆ; ಏಕೆಂದರೆ ಅಲ್ಲಿ ಬಳಕೆಯಾಗುವುದು 1, 2, 3, 6ನೇ ಪಿನ್ನುಗಳು ಮಾತ್ರ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, ಆ ವೇಗ ಬರುವುದಿಲ್ಲ. ‘ಪಿಂಗ್ ಆಯಿತಲ್ಲ, ಕೇಬಲ್ ಸರಿ ಇದೆ’ ಎನ್ನುವ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮ ಪ್ರಶ್ನೆ ಸಿಗಲಾರದು.

ಇನ್ನೂ ಹಣ ಉಳಿದಿದ್ದರೆ, ರೂಟರಿಗಿಂತ ಮೊದಲು ಎರಡು ಹಳೆಯ ಸ್ವಿಚ್ಚುಗಳು. 2960 ಸರಣಿಯ 8 ಪೋರ್ಟಿನ ಮಾದರಿಗೆ ಫ್ಯಾನ್ ಇಲ್ಲ. ಒಂದೇ ಪಡಸಾಲೆಯಲ್ಲಿ ಎಲ್ಲರೂ ಕೂಡುವ ಮನೆಗೆ ಇದು ಸಣ್ಣ ಅನುಕೂಲವಲ್ಲ. ಎರಡರ ನಡುವೆ ಎರಡು ಕೇಬಲ್ ಹಾಕಿದರೆ ಸ್ಪ್ಯಾನಿಂಗ್ ಟ್ರೀ ಒಂದು ಪೋರ್ಟನ್ನು ತಡೆಯುತ್ತದೆ, ಅದರ ದೀಪ ಕಿತ್ತಳೆ ಬಣ್ಣದಲ್ಲಿ ಉಳಿಯುತ್ತದೆ. ಇನ್ನೊಂದನ್ನು ಕಿತ್ತು ಗಡಿಯಾರ ನೋಡಿ: ಹಳೆಯ ವಿಧಾನದಲ್ಲಿ ಹಸಿರಾಗಲು ಸುಮಾರು 30 ಸೆಕೆಂಡು, ರ‍್ಯಾಪಿಡ್ ವಿಧಾನದಲ್ಲಿ ಕಾಯಬೇಕಾದದ್ದೇ ಇಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಯಿಂದ ತರಿಸುವುದಾದರೆ, ಇಷ್ಟು ದೂರದಿಂದ ಮರಳಿಸುವುದು ಕಷ್ಟ. ಹಣ ಕೊಡುವ ಮೊದಲೇ ‘ಷೋ ವರ್ಷನ್’ ಆಜ್ಞೆಯ ಉತ್ತರವನ್ನು ವಿಡಿಯೊದಲ್ಲಿ ತರಿಸಿಕೊಳ್ಳಿ. ಮಾದರಿ, ಮೆಮೊರಿ, ಐಒಎಸ್ ಆವೃತ್ತಿ ಮೂರೂ ಅದರಲ್ಲಿವೆ. ಕನ್ಸೋಲ್ ಕೇಬಲ್ಲಿನ ಜೊತೆಗೆ ಯುಎಸ್‌ಬಿ ಪರಿವರ್ತಕವೂ ಬೇಕು, ಇಂದಿನ ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಪೋರ್ಟ್ ಇರುವುದಿಲ್ಲ. ರೂಟರ್ ಕೊನೆಗೆ, ಒಂದೇ ಸಾಕು. ಎರಡು ಪೋರ್ಟಿನ 1841 ಹಳೆಯದಾದರೂ ವಿಎಲ್ಎಎನ್‌ಗಳ ನಡುವಿನ ರೂಟಿಂಗ್, ನ್ಯಾಟ್, ಡಿಎಚ್‌ಸಿಪಿ ಅದರಲ್ಲಿ ಮಾಡಬಹುದು. ಹಲವು ರೂಟರ್ ಬೇಡುವ ಪಾಠ ಬಂದಾಗ ಪ್ಯಾಕೆಟ್ ಟ್ರೇಸರ್ ತೆರೆದರಾಯಿತು.