ಅರ್ಧ ಸ್ಟ್ಯಾಂಡಿನ ಮೈಕು

ಗಣೇಶನ ಹಬ್ಬ ಬಂತೆಂದರೆ ನಮ್ಮ ಆರ್ಕೆಸ್ಟ್ರಾದವರಿಗೆ ಒಂದು ತಿಂಗಳು ರಾತ್ರಿ ನಿದ್ದೆಯಿಲ್ಲ. ಇವತ್ತು ಅರಸೀಕೆರೆ, ನಾಳೆ ಚನ್ನರಾಯಪಟ್ಟಣ, ನಾಡಿದ್ದು ಬೆಂಗಳೂರಿನ ಯಾವುದೋ ಬಡಾವಣೆಯ ಮೈದಾನ. ಇಪ್ಪತ್ತೇಳು ವರ್ಷದಿಂದ ಇದೇ ತಿರುಗಾಟ. ಹಾಡು ಕಲಿಸಲು ನನಗೊಬ್ಬರು ಮೇಷ್ಟ್ರಿದ್ದರು. ವೇದಿಕೆಯ ಮೇಲೆ ಹೇಗೆ ನಿಲ್ಲಬೇಕೆಂದು ಹೇಳಿಕೊಡುವವರು ಮಾತ್ರ ಯಾರೂ ಇರಲಿಲ್ಲ. ಆ ಖಾಲಿ ಕುರ್ಚಿಗೆ ಬಂದು ಕೂತವನು ಫ್ರೆಡ್ಡಿ ಮರ್ಕ್ಯುರಿ, ಕ್ವೀನ್ ಎಂಬ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಗಾಯಕ. ನಾನು ಅವನನ್ನು ನೋಡುವ ಹೊತ್ತಿಗೆ ಅವನು ತೀರಿಕೊಂಡು ಹತ್ತು ವರ್ಷವಾಗಿತ್ತು. ನಮ್ಮ ಕೀಬೋರ್ಡ್ ನುಡಿಸುವವರು ಒಂದು ಸಿ.ಡಿ. ತಂದುಕೊಟ್ಟಿದ್ದರು. ಸಾಹಿತ್ಯ ಅರ್ಧವೂ ತಿಳಿಯಲಿಲ್ಲ, ಮೈಕು ಹಿಡಿದ ಆ ಕೈಯನ್ನಷ್ಟೇ ರಾತ್ರಿಯೆಲ್ಲ ನೋಡಿದೆ.

1. ಮೊದಲು ಹಿಂದೆ ಕೂರಿ

ಫ್ರೆಡ್ಡಿಯ ಹುಟ್ಟುಹೆಸರು ಫರೋಖ್ ಬುಲ್ಸಾರಾ. 1946ರಲ್ಲಿ ಜಂಜಿಬಾರ್ ದ್ವೀಪದ ಪಾರ್ಸಿ ಮನೆಯೊಂದರಲ್ಲಿ ಹುಟ್ಟಿದ. ಎಂಟರ ಆಸುಪಾಸಿನ ಹುಡುಗನನ್ನು ಹೆತ್ತವರು ಸಮುದ್ರ ದಾಟಿಸಿ ಪಂಚಗಣಿಯ ಸೇಂಟ್ ಪೀಟರ್ಸ್ ವಸತಿಶಾಲೆಗೆ ಸೇರಿಸಿದರು. ಬೆಳಗಾವಿಯಿಂದ ಪುಣೆಯ ಹೆದ್ದಾರಿ ಹಿಡಿದು, ಸಾತಾರಾ ದಾಟಿ, ವಾಯಿಯಿಂದ ಘಟ್ಟ ಏರಿದರೆ ಸಿಗುವ ತಣ್ಣನೆಯ ಊರು ಅದು. ನಮ್ಮ ವ್ಯಾನು ಆ ಹೆದ್ದಾರಿಯಲ್ಲಿ ಎಷ್ಟೋ ಸಲ ಓಡಾಡಿದೆ. ಘಟ್ಟದ ಮೇಲೆ ಯಾರು ಪಿಯಾನೊ ಕಲಿತಿದ್ದನೆಂದು ನಮಗೆ ಆಗ ಗೊತ್ತಿರಲಿಲ್ಲ. ಶಾಲೆಯ ಹುಡುಗರು 'ಹೆಕ್ಟಿಕ್ಸ್' ಎಂಬ ಬ್ಯಾಂಡು ಕಟ್ಟಿದರು. ಅದರಲ್ಲಿ ಫರೋಖ್ ಪಿಯಾನೊ ಮುಂದೆ ಕೂತಿದ್ದ, ಮುಖ್ಯ ಗಾಯಕ ಬೇರೊಬ್ಬ.

1964ರ ಜಂಜಿಬಾರ್ ಕ್ರಾಂತಿಗೆ ಹೆದರಿ ಕುಟುಂಬ ಲಂಡನ್ ಹೊರವಲಯದ ಫೆಲ್ಟಮ್‌ಗೆ ಬಂತು. ಅಲ್ಲಿ ಅವನು ಕಲಾಶಾಲೆಯಲ್ಲಿ ಚಿತ್ರವಿನ್ಯಾಸ ಕಲಿತ, ಕೆನ್ಸಿಂಗ್ಟನ್ ಮಾರುಕಟ್ಟೆಯ ಒಂದು ಮಳಿಗೆಯಲ್ಲಿ ಹಳೇ ಬಟ್ಟೆ ಮಾರಿದ. 1970ರಲ್ಲಿ ಕ್ವೀನ್ ಶುರುವಾದ ಮೇಲೆ ಬ್ಯಾಂಡಿನ ಲಾಂಛನವನ್ನೂ ಅವನೇ ಬರೆದ, ನಾಲ್ವರ ರಾಶಿಗಳನ್ನು ಸೇರಿಸಿ: ಎರಡು ಸಿಂಹ, ಒಂದು ಏಡಿ, ಕನ್ಯಾರಾಶಿಯ ತನಗೆ ಎರಡು ಕಿನ್ನರಿಯರು. ನಾನೂ ಹಾಗೇ ಹಿಂದೆ ಕೂತವನು, ಮೊದಲ ಐದು ವರ್ಷ ಕೋರಸ್ಸಿನಲ್ಲಿದ್ದೆ. ಕೇಬಲ್ ಸುತ್ತುತ್ತಿದ್ದೆ, ಬ್ಯಾನರ್ ಕಟ್ಟುತ್ತಿದ್ದೆ. ಅವಮಾನ ಅನ್ನಿಸುತ್ತಿತ್ತು. ಈಗ ಯಾವ ಸ್ಪೀಕರು ಎಲ್ಲಿ ಕೂಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ.

2. ಮುರಿದದ್ದು ನಿಮ್ಮದೇ ಗುರುತಾಗಬಹುದು

ಶುರುವಿನ ದಿನಗಳ ಒಂದು ಕಾರ್ಯಕ್ರಮದಲ್ಲಿ ಮೈಕಿನ ಸ್ಟ್ಯಾಂಡು ನಡುವೆ ಮುರಿಯಿತಂತೆ. ಇನ್ನೊಂದು ತರಿಸುವ ಬದಲು ಫ್ರೆಡ್ಡಿ ಕೈಯಲ್ಲುಳಿದ ಮೇಲಿನ ತುಂಡಿನಲ್ಲೇ ಹಾಡು ಮುಗಿಸಿದ. ಆಮೇಲೆ ಕೊನೆಯವರೆಗೂ ಅದೇ ಅರ್ಧ ಸ್ಟ್ಯಾಂಡು. ಅದು ಕತ್ತಿಯಾಯಿತು, ಗಿಟಾರಾಯಿತು, ದೊಣ್ಣೆಯಾಯಿತು. ಹಲ್ಲಿನ ಕಥೆಯೂ ಹಾಗೇ. ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದು ಮುಂದಿನವು ಉಬ್ಬಿದ್ದವು. ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದ. ಹಣ ಬಂದ ಮೇಲೂ ಕೀಳಿಸಲಿಲ್ಲ, ಧ್ವನಿ ಕೆಟ್ಟೀತೆಂಬ ಭಯ. ಧ್ವನಿಗೂ ಹಲ್ಲಿಗೂ ನಿಜವಾಗಿ ಎಷ್ಟು ನಂಟೋ, ನನಗೆ ಅನುಮಾನವೇ. ಆದರೂ ಆ ಭಯ ನನಗೆ ಅರ್ಥವಾಗುತ್ತದೆ. ಹಬ್ಬದ ತಿಂಗಳಲ್ಲಿ ನಾನು ಮೀಸೆ ಕೂಡ ತೆಗೆಯುವುದಿಲ್ಲ.

3. ಇಪ್ಪತ್ತು ನಿಮಿಷ ಕೊಟ್ಟರೆ ಇಪ್ಪತ್ತಕ್ಕೇ ತಯಾರಾಗಿ

1985ರ ಜುಲೈ 13. ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 'ಲೈವ್ ಏಡ್' ಎಂಬ ಸಂಗೀತ ಕಾರ್ಯಕ್ರಮ. ಎದುರಿಗೆ ಸುಮಾರು 72,000 ಜನ. ಸಂಜೆ ಆರೂಮುಕ್ಕಾಲಿನ ಹೊತ್ತು, ಇನ್ನೂ ಬಿಸಿಲು. ಬಣ್ಣದ ಬೆಳಕಿಲ್ಲ, ಹೊಗೆಯಿಲ್ಲ. ಬಂದಿದ್ದವರು ಕ್ವೀನ್‌ಗಾಗಿಯೇ ಟಿಕೆಟ್ ಕೊಂಡವರೂ ಅಲ್ಲ. ಒಂದೊಂದು ತಂಡಕ್ಕೆ ಹೆಚ್ಚೆಂದರೆ ಇಪ್ಪತ್ತು ನಿಮಿಷದ ಆಸುಪಾಸು ಅಷ್ಟೇ.

ಬಹಳಷ್ಟು ತಂಡಗಳು ಬಂದು, ತಮ್ಮ ಕೆಲವು ಹಾಡು ಹಾಡಿ ಹೋದವು. ಕ್ವೀನ್‌ನವರು ಅದಕ್ಕೂ ಮುಂಚೆ ಲಂಡನ್ನಿನ ಒಂದು ನಾಟಕಮಂದಿರ ಹಿಡಿದು, ಗಡಿಯಾರ ಇಟ್ಟುಕೊಂಡು ತಾಲೀಮು ಮಾಡಿದ್ದರು. ಹಾಡುಗಳನ್ನು ನಮ್ಮ ದರ್ಜಿ ಪ್ಯಾಂಟು ಮೊಟಕು ಮಾಡಿದ ಹಾಗೆ ಕತ್ತರಿಸಿ ಹೊಲಿದರು. 'ಬೊಹೀಮಿಯನ್ ರಾಪ್ಸಡಿ'ಯ ಪಿಯಾನೊ ಭಾಗ ಮಾತ್ರ, ಅಲ್ಲಿಂದ ನೇರ ಚಪ್ಪಾಳೆಯ 'ರೇಡಿಯೊ ಗಾ ಗಾ'. ಅದು ಮುಗಿದದ್ದೇ ಫ್ರೆಡ್ಡಿ ವಾದ್ಯವಿಲ್ಲದೆ ಬರೀ ಆಲಾಪದ ತುಣುಕುಗಳನ್ನು ಎಸೆದ, ಜನ ಹಿಡಿದು ವಾಪಸು ಎಸೆದರು. ಒಂದೊಂದು ಸಲಕ್ಕೂ ಸ್ವಲ್ಪ ಕಷ್ಟ ಮಾಡುತ್ತಾ ಹೋದ, ಸಂಗೀತದ ಮೇಷ್ಟ್ರು ಸರಳೆ ಹೇಳಿಸುವ ಹಾಗೆ. ಅದಾಗಲೇ ಆ 72,000 ಜನ ಅವನ ಕೋರಸ್ಸಾಗಿದ್ದರು. ಒಟ್ಟು 21 ನಿಮಿಷ.

ಆ ವಿಡಿಯೊ ನೋಡಿದವರು "ಎಷ್ಟು ಸಲೀಸಾಗಿ ಆಡಿಬಿಟ್ಟ" ಎನ್ನುತ್ತಾರೆ. ನನಗೆ ಅದರಲ್ಲಿ ಕತ್ತರಿ ಕಾಣುತ್ತದೆ. ನಮ್ಮಲ್ಲಿ ಎಂಟೂವರೆಗೆ ಶುರು ಎಂದವರು ಹಾರ ತುರಾಯಿ, ಭಾಷಣ ಮುಗಿಸಿ ಒಂಬತ್ತೂಕಾಲಿಗೆ ಮೈಕು ಕೊಡುತ್ತಾರೆ. ಹತ್ತಕ್ಕೆ ಪೊಲೀಸರು ಬಂದು ನಿಲ್ಲುತ್ತಾರೆ. ಮೊದಲೆಲ್ಲ ಹಾಡಿನ ಪಟ್ಟಿಯನ್ನು ಮೇಲಿನಿಂದ ಹಾಡುತ್ತಾ ಹೋಗಿ, ಒಳ್ಳೇ ಹಾಡು ಬರುವಷ್ಟರಲ್ಲಿ ಕರೆಂಟು ತೆಗೆಸಿಕೊಂಡಿದ್ದೇವೆ. ಈಗ ನನ್ನ ಜೇಬಿನಲ್ಲಿ ಮೂರು ಪಟ್ಟಿ ಇರುತ್ತದೆ, ಒಂದೂವರೆ ಗಂಟೆಯದು, ಮುಕ್ಕಾಲು ಗಂಟೆಯದು, ಇಪ್ಪತ್ತು ನಿಮಿಷದ್ದು. ಮೂರಕ್ಕೂ ಬೇರೆ ಬೇರೆ ತಾಲೀಮು.

4. ಗಂಟಲು ಹೇಳಿದ್ದನ್ನು ಕೇಳಿ, ಜನ ಹೇಳಿದ್ದನ್ನಲ್ಲ

ಫ್ರೆಡ್ಡಿ ಮಾತಾಡುವಾಗ ಧ್ವನಿ ತಗ್ಗಿನದು. ಹಾಡುವಾಗ ತಾರಕ್ಕೆ ಹೋಗುತ್ತಿದ್ದ. ಅವನ ಧ್ವನಿಮುದ್ರಿಕೆಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಅವನ ಕಂಪಿತ (ಹಿಡಿದ ಸ್ವರದ ನಡುಕ) ಸೆಕೆಂಡಿಗೆ ಸುಮಾರು 7 ಸಲ, ಎಂದರೆ ಸಾಮಾನ್ಯ ಗಾಯಕರಿಗಿಂತ ಚುರುಕು ಎಂದಿತು. ಅಂಥ ಗಂಟಲಿಗೂ 1970ರ ದಶಕದಲ್ಲಿ ಗಂಟು ಬಂತು. ಅಮೆರಿಕದ ಪ್ರವಾಸದಲ್ಲಿ ಕೆಲವು ಕಾರ್ಯಕ್ರಮ ರದ್ದಾದವು. ಶಸ್ತ್ರಚಿಕಿತ್ಸೆಗೆ ಅವನು ಒಪ್ಪಲಿಲ್ಲ. ಸಿಗರೇಟು ಬೇರೆ.

ಆದರೆ ಅವನು ಮಾಡಿದ ಜಾಣತನ ನೋಡಿ. ರೆಕಾರ್ಡಿನಲ್ಲಿ ಏರಿಸಿದ ಸ್ವರಗಳನ್ನು ವೇದಿಕೆಯಲ್ಲಿ ಎಷ್ಟೋ ಸಲ ಕೆಳಗಿನ ದಾರಿಯಲ್ಲಿ ಹಾಡಿ ದಾಟಿಸಿದ. ತೀರಾ ಮೇಲಿನದನ್ನು ಡ್ರಮ್ಸ್ ನುಡಿಸುತ್ತಿದ್ದ ರೋಜರ್ ಟೇಲರ್ ಹಾಡಿದ. ಕೇಳಿದವರಿಗೆ ಹಾಡು ಕಡಿಮೆಯಾದಂತೆ ಅನ್ನಿಸಲಿಲ್ಲ. ಹಟ ಮಾಡಿ ರೆಕಾರ್ಡಿನ ಹಾಗೇ ಹಾಡಿದ್ದರೆ ಹತ್ತನೇ ಊರಿನಲ್ಲಿ ಮೂಕನಾಗುತ್ತಿದ್ದ.

ನಾನು ಹಟ ಮಾಡಿದವನು. ಒಂದು ಹಬ್ಬದಲ್ಲಿ "ಒನ್ಸ್ ಮೋರ್" ಎಂದರೆಂದು ಒಂದೇ ಹಾಡನ್ನು ಮೂಲ ಶ್ರುತಿಯಲ್ಲಿ ಮೂರು ಸಲ ಹಾಡಿದೆ. ಮಾರನೇ ದಿನ ಮೊದಲ ಪಲ್ಲವಿಯಲ್ಲೇ ಧ್ವನಿ ಒಡೆದು ಬರೀ ಗಾಳಿ ಬಂತು. ಕಿವಿ ಮೂಗು ಗಂಟಲಿನ ಡಾಕ್ಟರು ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು, ಧ್ವನಿತಂತುಗಳ ಮೇಲೆ ಎರಡು ಸಬ್ಬಕ್ಕಿ ಕಾಳು. ಎರಡು ತಿಂಗಳು ಮೌನ. ಮನೆಯವಳ ಹತ್ತಿರ ಸ್ಲೇಟಿನಲ್ಲಿ ಬರೆದು ಕಾಫಿ ಕೇಳುತ್ತಿದ್ದೆ. ಪಿಸುಮಾತು ಕೂಡ ಬೇಡ, ಅದು ಇನ್ನೂ ಕೆಡುಕು ಎಂದಿದ್ದರು. ಈಗ ಒಂದು ಮನೆ ಇಳಿಸಿ ಹಾಡುತ್ತೇನೆ. ಅಲ್ಲಿಂದೀಚೆಗೆ ಒಬ್ಬರೇ ಒಬ್ಬರು ಬಂದು "ಶ್ರುತಿ ಇಳಿಸಿದ್ದೀರಲ್ಲ" ಎಂದು ಕೇಳಿದ್ದಾರೆ. ಅವರೂ ಆರ್ಕೆಸ್ಟ್ರಾದವರೇ.

5. ಹಾಡಲಾಗದ್ದನ್ನು ಹಾಡಿದಂತೆ ನಟಿಸಬೇಡಿ

'ಬೊಹೀಮಿಯನ್ ರಾಪ್ಸಡಿ' 1975ರದು, 5 ನಿಮಿಷ 55 ಸೆಕೆಂಡು. ರೇಡಿಯೊಗೆ ಇಷ್ಟುದ್ದ ಆಗದು ಎಂದವರಿದ್ದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು. ನಡುವಿನ ಆಪೆರಾ ಭಾಗದಲ್ಲಿ ಕೇಳುವ ದೊಡ್ಡ ಗುಂಪು ನಿಜಕ್ಕೆ ಮೂರೇ ಜನ: ಫ್ರೆಡ್ಡಿ, ಗಿಟಾರ್ ನುಡಿಸುತ್ತಿದ್ದ ಬ್ರಯನ್ ಮೇ, ರೋಜರ್ ಟೇಲರ್. ಧ್ವನಿಯ ಮೇಲೆ ಧ್ವನಿ ಹೇರಿ ಹೇರಿ ಟೇಪು ಬೆಳಕು ಹಾಯುವಷ್ಟು ಸವೆಯಿತು. ವೇದಿಕೆಯಲ್ಲಿ ಅದನ್ನು ಮೂವರು ಹಾಡುವ ಮಾತೇ ಇಲ್ಲ. ಆ ಭಾಗ ಬಂದಾಗ ನಾಲ್ವರೂ ವೇದಿಕೆ ಬಿಟ್ಟು ಹೋಗುತ್ತಿದ್ದರು. ಬೆಳಕು, ಹೊಗೆ, ಟೇಪಿನ ಹಾಡು. ರಾಕ್ ಭಾಗಕ್ಕೆ ಮತ್ತೆ ಬಂದು ಮುರಿದುಕೊಂಡು ಬೀಳುತ್ತಿದ್ದರು. ತುಟಿ ಆಡಿಸುತ್ತಾ ನಿಂತಿದ್ದರೂ ಯಾರೂ ಕೇಳುತ್ತಿರಲಿಲ್ಲ.

ನಮ್ಮ ಕ್ಷೇತ್ರದಲ್ಲಿ ಪೆನ್‌ಡ್ರೈವ್ ಹಾಕಿ ತುಟಿ ಆಡಿಸುವವರು ಹೆಚ್ಚಾಗಿದ್ದಾರೆ. ಹೆಚ್ಚು ಹೇಳಿದರೆ ಜಗಳವಾಗುತ್ತದೆ.

6. ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆ ಯಾರ ಮೈದಾನವೆಂದು ಕೇಳಿ

1984ರಲ್ಲಿ ಕ್ವೀನ್ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಹಾಡಿತು. ಆಗ ಅಲ್ಲಿ ವರ್ಣಭೇದದ ಸರ್ಕಾರ. ಲೋಕದ ಕಲಾವಿದರು ಬಹಿಷ್ಕಾರ ಹಾಕಿದ್ದ ನೆಲ. ಬ್ರಿಟನ್ನಿನ ಸಂಗೀತಗಾರರ ಸಂಘ ದಂಡ ಹಾಕಿತು, ವಿಶ್ವಸಂಸ್ಥೆಯ ಕಪ್ಪುಪಟ್ಟಿಯಲ್ಲಿ ಹೆಸರು ಬಂತು. ಬ್ಯಾಂಡಿನವರು ತಮಗೆ ರಾಜಕೀಯ ಬೇಡ, ಸಂಗೀತವಷ್ಟೇ ಎಂದರು. ಫ್ರೆಡ್ಡಿಯ ಅಭಿಮಾನಿಯಾದ ನನಗೂ ಈ ಸಮಜಾಯಿಷಿ ನುಂಗಲಾಗುವುದಿಲ್ಲ. ನುಂಗಲಾಗದಿರಲು ಕಾರಣ, ಅದೇ ಮಾತನ್ನು ನಾನೂ ಆಡಿದ್ದೇನೆ. ಒಂದೂರಿನ ಉತ್ಸವದಲ್ಲಿ ಪೆಂಡಾಲಿನ ಒಳಗೆ ಒಂದು ಕೇರಿಯವರನ್ನು ಬಿಡಲಿಲ್ಲ. ಅವರು ರಸ್ತೆಯಾಚೆ ನಿಂತು ಕೇಳಿದರು. ನನಗೆ ಅದು ಮೂರನೇ ಹಾಡಿಗೇ ಗೊತ್ತಾಯಿತು. ಹಾಡುತ್ತಾ ಹೋದೆ. ಕೊಟ್ಟ ದುಡ್ಡನ್ನು ಎಣಿಸಿಕೊಂಡೂ ಬಂದೆ.

7. ಉಳಿದ ಚರಣಕ್ಕೆ ಒಬ್ಬರನ್ನು ತಯಾರು ಮಾಡಿ

ಏಡ್ಸ್ ಬಂದಿದೆ ಎಂದು ಫ್ರೆಡ್ಡಿ ಲೋಕಕ್ಕೆ ಹೇಳಿದ್ದು 1991ರ ನವೆಂಬರ್ 23ರಂದು. ಮಾರನೇ ದಿನ ತೀರಿಕೊಂಡ, 45 ವಯಸ್ಸು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಮಾಂತ್ರೂ ಊರಿನ ಸ್ಟುಡಿಯೊದಲ್ಲಿ, ನಿಲ್ಲಲೂ ಕಷ್ಟಪಡುತ್ತಾ, ಆಗುವಷ್ಟು ಹಾಡಿಟ್ಟಿದ್ದ. 'ಮದರ್ ಲವ್' ಹಾಡಿನ ಕೊನೆಯ ಚರಣಕ್ಕೆ ಬಂದಾಗ ಸುಸ್ತಾಗಿದೆ, ಆಮೇಲೆ ಬಂದು ಮುಗಿಸುತ್ತೇನೆಂದು ಎದ್ದು ಹೋದ. ಬರಲಿಲ್ಲ. ಆ ಚರಣವನ್ನು ಬ್ರಯನ್ ಮೇ ಹಾಡಿದರು.

ನಮ್ಮ ರಿದಮ್ ಪ್ಯಾಡಿನ ಹುಡುಗನಿಗೆ ಒಳ್ಳೇ ಕಂಠವಿದೆ. ಹೋದ ಹಬ್ಬದಿಂದ ತಾರದ ಹಾಡುಗಳ ಕೊನೆಯ ಚರಣ ಅವನಿಗೆ ಬಿಟ್ಟಿದ್ದೇನೆ. ಮೊದಲ ದಿನ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಾ ಹಾಡಿದ. "ಜನರನ್ನ ನೋಡೋ" ಎಂದೆ. "ಅಣ್ಣ, ನೋಡಿದ್ರೆ ಸಾಹಿತ್ಯ ಮರ್ತೋಗುತ್ತೆ" ಎಂದ. ಈ ಸಲ ಸ್ಟ್ಯಾಂಡಿನಿಂದ ಮೈಕು ಬಿಚ್ಚಿಕೊಳ್ಳುವುದನ್ನು ಕಲಿತಿದ್ದಾನೆ.